ಮೂರು ತಿಂಗಳಲ್ಲಿ 5,200 ಮೀಟರ್ ಟ್ರೆಕ್: ಗೈಡ್‌ಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಸರ್, ನಮಸ್ತೆ. ನನಗೆ 43 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಮೂರು ತಿಂಗಳಾದ ಮೇಲೆ ಹತ್ತು ದಿನದ ಟ್ರೆಕ್‌ಗೆ ಹೆಸರು ಕೊಟ್ಟಿದ್ದೇನೆ. ಜೊತೆಗೆ ಗೈಡ್ ಇರುತ್ತಾರೆ. ಎಲ್ಲಕ್ಕಿಂತ ಎತ್ತರದ ಜಾಗ 5,200 ಮೀಟರ್. ಇದುವರೆಗೆ 2,000 ಮೀಟರ್ ದಾಟಿದವನಲ್ಲ. ಜಿಮ್ ಸೇರಲಾ, ಓಡಲು ಶುರು ಮಾಡಲಾ? ಗೆಳೆಯನೊಬ್ಬ "ಫಿಟ್ ಆಗಿದ್ರೆ ಎತ್ತರ ಏನೂ ಮಾಡಲ್ಲ" ಅಂತಾನೆ. ಹೌದಾ?

ಉತ್ತರ: ನಮಸ್ತೆ ಸರ್. ಗೆಳೆಯರ ಆ ಮಾತನ್ನು ಇಲ್ಲೇ ಬಿಟ್ಟುಬಿಡಿ. ದಮ್ಮು ಇರುವುದು ಬೇರೆ, ಎತ್ತರಕ್ಕೆ ಮೈ ಒಗ್ಗುವುದು ಬೇರೆ. ಮೇಲೆ ಹೋದಂತೆ ಗಾಳಿಯಲ್ಲಿ ಆಕ್ಸಿಜನ್ ಪಾಲು ಕಮ್ಮಿಯಾಗುವುದಿಲ್ಲ. ಅದು ಎಲ್ಲಾ ಕಡೆ ಸುಮಾರು ಶೇ. 21. ಇಳಿಯುವುದು ಗಾಳಿಯ ಒತ್ತಡ. 5,500 ಮೀಟರ್ ಹತ್ತಿರ ಅದು ಸಮುದ್ರ ಮಟ್ಟದಲ್ಲಿ ಇರುವುದರ ಅರ್ಧಕ್ಕೆ ಬಂದಿರುತ್ತದೆ. ಅಷ್ಟೇ ಉಸಿರು ಎಳೆದರೂ ಒಳಗೆ ಹೋಗುವ ಆಕ್ಸಿಜನ್ ಹೆಚ್ಚುಕಮ್ಮಿ ಅರ್ಧ. ಇದಕ್ಕೆ ಮೈ ಒಗ್ಗಲು ದಿನಗಳು ಬೇಕು. ಜಿಮ್‌ನಲ್ಲಿ ಅದನ್ನು ಮೊದಲೇ ಮಾಡಿಟ್ಟುಕೊಳ್ಳಲು ಆಗುವುದಿಲ್ಲ.

ಹಾಗಂತ ತಯಾರಿ ದಂಡ ಅಲ್ಲ. ಕಾಲು ಗಟ್ಟಿ ಇದ್ದವರು ನಡಿಗೆ ಮುಗಿಸಿ ಬಂದು ಊಟ ಮಾಡುತ್ತಾರೆ, ನಾಲ್ಕು ಮಾತಾಡುತ್ತಾರೆ. ಕಾಲು ಸೋತವರು ಶೂ ಸಮೇತ ಟೆಂಟ್‌ನಲ್ಲಿ ಬಿದ್ದುಕೊಳ್ಳುತ್ತಾರೆ. ಅದು ಬರೀ ಸುಸ್ತೋ, ಎತ್ತರದ ಕಾಯಿಲೆಯೋ ಅಂತ ನನಗೂ ಪಕ್ಕಾ ಹೇಳಲು ಆಗುವುದಿಲ್ಲ. ನೀವು ಫಿಟ್ ಆಗಿ ಬಂದರೆ ಗೈಡ್‌ಗೆ ಆಗುವ ದೊಡ್ಡ ಉಪಕಾರ ಇದು.

ಓಟಕ್ಕಿಂತ ಮೆಟ್ಟಿಲು ಒಳ್ಳೆಯದು. ವಾರಕ್ಕೆ ನಾಲ್ಕು ದಿನ, 40-45 ನಿಮಿಷ. ಮಾತಾಡುತ್ತಾ ಹತ್ತುವಷ್ಟು ವೇಗ ಸಾಕು. ಮೊದಲ ಎರಡು ವಾರ ಭಾರ ಇಲ್ಲದೆ, ಆಮೇಲೆ ಬೆನ್ನಿಗೆ 3 ಕಿಲೋ, ಕೊನೆಗೆ 7-8 ಕಿಲೋ. ಬ್ಯಾಗಿಗೆ ನೀರಿನ ಬಾಟಲಿ ತುಂಬಿಸಿದರೆ ಆಯ್ತು. ವಾರಕ್ಕೊಮ್ಮೆ ಐದಾರು ಗಂಟೆ ನಡೆಯಿರಿ. ಕೊನೆಯ ತಿಂಗಳಲ್ಲಿ ಒಂದು ದಿನ ನಡೆದು, ಮಾರನೇ ದಿನ ಅದೇ ನೋವಿನ ಕಾಲಲ್ಲಿ ಮತ್ತೆ ಹೊರಡಿ. ಟ್ರೆಕ್ ಅಂದರೆ ಅದೇ ಅಲ್ವಾ, ನಿನ್ನೆಯ ಕಾಲಲ್ಲಿ ಇವತ್ತು ನಡೆಯುವುದು.

ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಮೆಟ್ಟಿಲು ಹತ್ತುತ್ತಾರೆ, ಲಿಫ್ಟ್‌ನಲ್ಲಿ ಇಳಿಯುತ್ತಾರೆ. ತೊಡೆ ಹಿಡಿದುಕೊಳ್ಳುವುದು, ಮಂಡಿ ನಡುಗುವುದು ಹೆಚ್ಚಾಗಿ ಇಳಿಯುವಾಗ. ಭಾರ ತಡೆಯುತ್ತಲೇ ಸ್ನಾಯು ಹಿಗ್ಗಬೇಕಲ್ಲ, ಅಭ್ಯಾಸ ಇಲ್ಲದ ತೊಡೆ ಮಾರನೇ ದಿನ ಕಲ್ಲಾಗಿರುತ್ತದೆ. ಇಳಿಯುವುದನ್ನೂ ರೂಢಿ ಮಾಡಿ. ಹೊರಡುವ ಹಿಂದಿನ ವಾರ ಸುಮ್ನೆ ಇರಿ.

ಇದೆಲ್ಲ ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಬಿಪಿ, ಹೃದಯ, ಹಿಮೋಗ್ಲೋಬಿನ್ ನೋಡಿಸಿ. ಆಕ್ಸಿಜನ್ ಹೊರುವುದೇ ಹಿಮೋಗ್ಲೋಬಿನ್. ಅದು ಕಮ್ಮಿ ಇದ್ದರೆ ಮೇಲೆ ಇನ್ನೂ ಕಷ್ಟ.

ಪ್ರಶ್ನೆ: ಸರ್, ನಾನೂ ಒಂದು ಕೇಳಲಾ? ಅದೇ ದಾರಿಗೆ ಇಬ್ಬರು ಆಯೋಜಕರನ್ನು ನೋಡಿದ್ದೇನೆ. ಒಬ್ಬರದು ಏಳು ದಿನ, ಇನ್ನೊಬ್ಬರದು ಹತ್ತು. ಏಳು ದಿನದ್ದಾದರೆ ರಜೆಗೆ ಅನುಕೂಲ. ವ್ಯತ್ಯಾಸ ಏನಿರಬಹುದು?

ಉತ್ತರ: ಮೇಡಂ, ದಿನ ಎಣಿಸಬೇಡಿ, ರಾತ್ರಿ ಎಣಿಸಿ. ಪ್ರತಿ ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತೀರಿ ಅಂತ ಇಬ್ಬರ ಹತ್ತಿರವೂ ಬರೆಸಿಕೊಳ್ಳಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಎರಡನೇ ರಾತ್ರಿ ಇರಬೇಕು. ಹಗಲು ಇನ್ನೂ ಮೇಲೆ ಹೋಗಿ ಬಂದರೆ ತೊಂದರೆ ಇಲ್ಲ, ಒಳ್ಳೆಯದೇ. ಮಲಗಲು ಕೆಳಗೆ ಬನ್ನಿ.

ಈಗ ಆ ಏಳು ದಿನದ ಪಟ್ಟಿ ನೋಡಿ. 3,200ರಲ್ಲಿ ಮಲಗಿ, ಮಾರನೇ ರಾತ್ರಿ 4,100 ಅಂತಿದ್ದರೆ ನಾನಾದರೆ ಹೋಗುವುದಿಲ್ಲ. ಉಳಿದ ಮೂರು ದಿನ ಎಲ್ಲಿಂದ ಉಳಿಯಿತು ಅಂತ ಅಲ್ಲೇ ಗೊತ್ತಾಗುತ್ತದೆ.

ಫೋನ್‌ನಲ್ಲಿ ಇಷ್ಟು ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ಆಕ್ಸಿಜನ್ ಸಿಲಿಂಡರ್ ಜೊತೆಗೇ ಬರುತ್ತದಾ, ಕೆಳಗಿನ ಕ್ಯಾಂಪ್‌ನಲ್ಲಿ ಇರುತ್ತದಾ? ರಾತ್ರಿ ಎರಡು ಗಂಟೆಗೆ ಒಬ್ಬರಿಗೆ ಹುಷಾರು ತಪ್ಪಿದರೆ ಅವರನ್ನು ಇಳಿಸುವವರು ಯಾರು, ಉಳಿದವರ ಜೊತೆ ಇರುವವರು ಯಾರು? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅವರು ಕೆಲಸ ಗೊತ್ತಿದ್ದವರು. "ನಮ್ಮಲ್ಲಿ ಯಾರಿಗೂ ಹಾಗೆ ಆಗೇ ಇಲ್ಲ" ಅಂದರೆ ಫೋನ್ ಇಡಿ. ವಿಮೆಯ ಕಾಗದದಲ್ಲಿ ಎಷ್ಟು ಮೀಟರ್‌ವರೆಗೆ ಅಂತ ಒಂದು ಸಾಲು ಇರುತ್ತದೆ, ಅದನ್ನೂ ಓದಿ.

ಪ್ರಶ್ನೆ: ಡಯಾಮಾಕ್ಸ್ ಮಾತ್ರೆ ತಗೋಬೇಕಾ ಸರ್? ಅದು ಎತ್ತರದ ಕಾಯಿಲೆಯ ಲಕ್ಷಣಗಳನ್ನು ಮುಚ್ಚಿಹಾಕುತ್ತದೆ ಅಂತ ಕೇಳಿದ್ದೇನೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಕೂಡ ಕೊಂಡಿದ್ದೇನೆ.

ಉತ್ತರ: ಮುಚ್ಚಿಹಾಕುವುದಿಲ್ಲ. ಡಯಾಮಾಕ್ಸ್‌ನಲ್ಲಿರುವ ಔಷಧಿ ಅಸೆಟಜೋಲಮೈಡ್. ಅದು ಮೂತ್ರಪಿಂಡದ ಮೂಲಕ ರಕ್ತವನ್ನು ಸ್ವಲ್ಪ ಆಮ್ಲದ ಕಡೆ ತಿರುಗಿಸುತ್ತದೆ. ಆಗ ಮೈ ತಾನಾಗಿ ಜಾಸ್ತಿ ಉಸಿರಾಡುತ್ತದೆ. ಒಗ್ಗುವ ಕೆಲಸ ಬೇಗ ಆಗುತ್ತದೆ, ಅಷ್ಟೇ. ತಡೆಗಟ್ಟಲು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಆದರೆ ನಿಮಗೆ ಬೇಕಾ ಬೇಡವಾ ಅಂತ ಹೇಳಬೇಕಾದವರು ಡಾಕ್ಟರ್, ನಾನಲ್ಲ. ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ಅವರಿಗೆ ಮೊದಲೇ ಹೇಳಿ. ಮಾತ್ರೆ ತಗೊಂಡಾಗ ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇಪದೇ ಏಳಬೇಕು, ಸೋಡಾ ರುಚಿ ಕೆಡುತ್ತದೆ. ಡಾಕ್ಟರ್ ಒಪ್ಪಿದರೆ ಮನೆಯಲ್ಲೇ ಒಂದೆರಡು ದಿನ ತಗೊಂಡು ನೋಡಿ. ಮಾತ್ರೆ ಇದೆ ಅಂತ ಬೇಗ ಏರಲು ಹೋಗಬೇಡಿ.

ಆಕ್ಸಿಮೀಟರ್ ಬ್ಯಾಗಿನಲ್ಲೇ ಇರಲಿ. 4,000 ಮೀಟರ್‌ನಲ್ಲಿ ಆರಾಮಾಗಿರುವವರಿಗೂ 80ರ ಆಸುಪಾಸಿನ ಅಂಕಿ ಬರುತ್ತದೆ. ಬೆರಳು ತಣ್ಣಗಿದ್ದರೆ ಇನ್ನೂ ಕಮ್ಮಿ. ಊಟದ ಟೆಂಟ್‌ನಲ್ಲಿ ಎಲ್ಲರೂ ಅಂಕಿ ಹೋಲಿಸಿಕೊಂಡು ಗಾಬರಿ ಬೀಳುವುದನ್ನು ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ಹಾಗಾದರೆ ನೀವು ಏನು ನೋಡುತ್ತೀರಿ? ಸಣ್ಣ ತಲೆನೋವಿಗೆಲ್ಲ ಗೈಡ್‌ಗೆ ಹೇಳಿದರೆ ವಾಪಸ್ ಕಳಿಸುತ್ತಾರೆ ಅನ್ನೋ ಭಯ ನನಗೆ.

ಉತ್ತರ: ತಟ್ಟೆ ನೋಡುತ್ತೇನೆ. ಯಾರು ಅನ್ನ ಸುಮ್ನೆ ಕೆದಕುತ್ತಾ ಕೂತಿದ್ದಾರೆ, ನಿನ್ನೆ ಹರಟಿದವರು ಇವತ್ತು ಯಾಕೆ ಮಾತಾಡುತ್ತಿಲ್ಲ, ಇದೇ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಅಥವಾ ವಿಪರೀತ ಸುಸ್ತು ಸೇರಿದರೆ ಎತ್ತರದ ಕಾಯಿಲೆ ಅಂತಲೇ ಹಿಡಿಯುತ್ತೇನೆ. ಅಷ್ಟಕ್ಕೇ ಯಾರೂ ವಾಪಸ್ ಕಳಿಸುವುದಿಲ್ಲ ಸರ್. ಅಲ್ಲೇ ಇನ್ನೊಂದು ರಾತ್ರಿ ಇರಿಸುತ್ತೇವೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಬಿಡುತ್ತದೆ. ಬಿಡದೆ ಜಾಸ್ತಿಯಾದರೆ ಇಳಿಸುತ್ತೇವೆ.

ಮುಚ್ಚಿಟ್ಟವರ ಕತೆ ಬೇರೆ. ನಾನೂ ಮುಚ್ಚಿಟ್ಟಿದ್ದೆ. ಸಹಾಯಕನಾಗಿ ಸೇರಿದ ಮೊದಲ ವರ್ಷ, 4,600 ಮೀಟರ್ ಕ್ಯಾಂಪ್. ತಲೆ ಸಿಡಿಯುತ್ತಿತ್ತು. ಹೇಳಿದರೆ ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ ಅಂತ ನಗುನಗುತ್ತಲೇ ಚಹಾ ಹಂಚಿದೆ. ಬೆಳಿಗ್ಗೆ ಶೂ ಲೇಸ್ ಕಟ್ಟಲು ಕೂತೆ. ಕುಣಿಕೆ ಮಾಡುತ್ತೇನೆ, ಇನ್ನೊಂದು ತುದಿ ಕೈಗೆ ಸಿಗುತ್ತಿಲ್ಲ. ಅದು ವಿಚಿತ್ರ ಅಂತಲೂ ನನಗೆ ಅನ್ನಿಸಲಿಲ್ಲ. ನಮ್ಮ ಹಿರಿಯ ಗೈಡ್ ದೂರದಿಂದ ನೋಡಿದರು. ಹತ್ತಿರ ಬಂದು, ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಅದರ ಮೇಲೆ ನಡೆ ಅಂದರು. ಮೂರನೇ ಹೆಜ್ಜೆ ಗೆರೆ ಬಿಟ್ಟು ಆಚೆ ಬಿತ್ತು. ಅವರು ಬೈಯಲಿಲ್ಲ. ಆಕ್ಸಿಜನ್ ಹಾಕಿ, ಇಬ್ಬರ ಹೆಗಲ ಮೇಲೆ ಆಗಲೇ ಕೆಳಗೆ ಇಳಿಸಿದರು. ಕಾಲು ನೆಟ್ಟಗಾಗಲು ಎರಡು ದಿನ ಹಿಡಿಯಿತು.

ಮಿದುಳು ಊದಿಕೊಂಡಾಗ ಹೀಗೆ ಆಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಸುಮ್ನೆ ಕೂತಿದ್ದರೂ ಏದುಸಿರು, ನಿಲ್ಲದ ಕೆಮ್ಮು. ಎರಡಕ್ಕೂ ಬೆಳಗಾಗಲಿ ಅಂತ ಕಾಯುವಂತಿಲ್ಲ, ಇಳಿಯಬೇಕು. ಅಂಥವರನ್ನು ಒಬ್ಬರೇ ಇಳಿಯಲು ಬಿಡಬಾರದು. ಆದ್ದರಿಂದ ರಾತ್ರಿ ಊಟಕ್ಕೆ ಮೊದಲೇ ಹೇಳಿಬಿಡಿ. ಟೆಂಟ್ ಹಂಚಿಕೊಂಡವರ ಮೇಲೂ ಒಂದು ಕಣ್ಣಿರಲಿ.

ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು, ಆಮೇಲೆ ಜೋರಾಗಿ ಎಳೆದಂತಾಗಿ ಎಚ್ಚರವಾದರೆ ಹೆದರಬೇಡಿ. ಅಲ್ಲಿ ಅದು ಮಾಮೂಲಿ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ.

ಪ್ರಶ್ನೆ: ಕೊನೆಯದು ಸರ್, ಮೊದಲು ಕೇಳಿದವನೇ. ಬ್ಯಾಗಿಗೆ ಏನೇನು? ಹೊಸ ಶೂ ಈಗಲೇ ತಗೊಳ್ಳಲಾ?

ಉತ್ತರ: ಪಟ್ಟಿ ನಿಮ್ಮ ಆಯೋಜಕರು ಕೊಡುತ್ತಾರೆ. ನಾನು ಸೇರಿಸುವುದು ಸ್ವಲ್ಪ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ಬೆವರು ಹೀರಿ ಒಣಗದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಒಂದೇ ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಒಳ್ಳೆಯದು. ಕಪ್ಪು ಕನ್ನಡಕಕ್ಕೆ ಪಕ್ಕದಲ್ಲೂ ಮರೆ ಇರಲಿ. ಹೊಸ ಹಿಮ ಬಿಸಿಲಿನ ಅಪಾಯದ ಕಿರಣಗಳಲ್ಲಿ ಶೇ. 80ರಷ್ಟನ್ನು ಕಣ್ಣಿಗೇ ತಿರುಗಿಸುತ್ತದೆ. ರಾತ್ರಿ ಬಿಸಿನೀರನ್ನು ಗಟ್ಟಿ ಬಾಟಲಿಗೆ ತುಂಬಿಸಿ, ಕಾಲುಚೀಲದೊಳಗೆ ಹಾಕಿ ಸ್ಲೀಪಿಂಗ್ ಬ್ಯಾಗ್‌ನ ಬುಡಕ್ಕೆ ತಳ್ಳಿ. ಕಾಲು ಬೆಚ್ಚಗಿರುತ್ತದೆ, ಬೆಳಿಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರು. ಫೋನ್, ಬ್ಯಾಟರಿಯೂ ಅದರೊಳಗೇ ಮಲಗಲಿ.

ಶೂ ಇದೇ ವಾರ ತಗೊಳ್ಳಿ. ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಟ್ರೆಕ್‌ನಲ್ಲಿ ಹಾಕುವ ದಪ್ಪ ಕಾಲುಚೀಲ ಜೊತೆಗೆ ಒಯ್ಯಿರಿ. ಲೇಸ್ ಬಿಗಿದು ಇಳಿಜಾರಿನಲ್ಲಿ ನಿಂತು ನೋಡಿ, ಬೆರಳು ಮುಂದಕ್ಕೆ ಒತ್ತಿದರೆ ಆ ಶೂ ಬೇಡ. ಮೆಟ್ಟಿಲ ಅಭ್ಯಾಸವೆಲ್ಲ ಅದರಲ್ಲೇ ಮಾಡಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ. ಇದನ್ನು ಪ್ರತಿ ಗುಂಪಿನಲ್ಲೂ ಯಾರಾದರೂ ಮರೆಯುತ್ತಾರೆ, ಇಳಿದು ಬರುವಾಗ ಹೆಬ್ಬೆರಳ ಉಗುರು ಕಪ್ಪಾಗಿರುತ್ತದೆ.