ಉಂಡವರಿಗೆ ಮಾತ್ರ ಸೂತಕ

"ಯಾರು ಹೋದರಪ್ಪಾ?" ಅಂದರು ಶಾಮಣ್ಣ, ವೆಂಕಟೇಶಿ ಒಳಗೆ ಕಾಲಿಡುತ್ತಲೇ.

ವೆಂಕಟೇಶಿಗೆ ಗಾಬರಿ. "ಯಾರೂ ಇಲ್ಲವಲ್ಲ! ಯಾಕೆ?"

"ಎದೆ ಮೇಲೆ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಹಾಕಿಸಿಕೊಂಡು ಬಂದಿದ್ದೀಯಲ್ಲ. 1971–1993. ಪಾಪ, ಇಪ್ಪತ್ತೆರಡಕ್ಕೇ ಹೋಗಿದ್ದಾರೆ. ಏನಾಗಿತ್ತು?"

"ಅಯ್ಯೋ, ಇದು ಟೀ ಷರ್ಟು ಶಾಮಣ್ಣ! ಟಾಪ್ ಆಫ್ ದಿ ವರ್ಲ್ಡ್. ಡಿಸ್ನಿ ವರ್ಲ್ಡಿನ ಕಂಟೆಂಪೊರರಿ ಹೋಟೆಲಿನ ಹದಿನೈದನೇ ಮಹಡೀಲಿ ಇತ್ತಲ್ಲ, ಆ ರೆಸ್ಟೋರೆಂಟು. ಹಳೇ ಲೋಗೋ ನೋಡಿ ತರಿಸಿಬಿಟ್ಟೆ."

"ಹಾಗಾದರೆ ಸತ್ತಿರೋದು ಹೋಟೆಲು. ಪದ್ಮಾ, ವೆಂಕಟೇಶಿ ಮನೇಲಿ ತಿಥಿ. ಅವನ ಚುರುಮುರಿಗೆ ಈರುಳ್ಳಿ ಹಾಕಬೇಡ."

"ಈಗಾಗಲೇ ಕಲಸಿ ಆಯಿತು," ಅಂತ ಒಳಗಿನಿಂದ ಪದ್ಮಕ್ಕ.

ಫ್ಲಾರಿಡಾದ ಟ್ಯಾಂಪಾದಲ್ಲಿ ಶನಿವಾರ ಸಂಜೆ ಅಂದರೆ ಶಾಮಣ್ಣನವರ ಹಿಂದಿನ ಜಾಲರಿ ಜಗಲಿ, ಸೊಳ್ಳೆ ಆಚೆ, ನಾವು ಈಚೆ. ರಘು ಆಗಲೇ ಬಂದು ಉಯ್ಯಾಲೆ ಹಿಡಿದಿದ್ದ. ಫೋನಿನಿಂದ ತಲೆ ಎತ್ತಿ ಹೇಳಿದ: "ಅಂಕಲ್, ಟಾಪ್ ಆಫ್ ದಿ ವರ್ಲ್ಡ್ ಅಂದರೆ ಲೆಜೆಂಡ್. ಲೈವ್ ಬ್ಯಾಂಡು, ಡಿನ್ನರ್ ಷೋ, ಎಲ್ಲರೂ ಕೋಟು ಹಾಕ್ಕೊಂಡು ಬರ್ತಿದ್ದರು. ಆ ವೈಬು ಈಗ ಎಲ್ಲಿದೆ? ನನಗಂತೂ ತುಂಬಾ ಮಿಸ್ ಆಗುತ್ತೆ."

"ನೀನು ಹುಟ್ಟಿದ್ದು ಯಾವಾಗ?"

"ತೊಂಬತ್ತಾರು."

"ಅದು ಮುಚ್ಚಿದ್ದು ತೊಂಬತ್ತಮೂರು. ನಿನ್ನದು ಪೂರ್ವಜನ್ಮದ ನೆನಪು ಕಣೋ. ಹೋದ ಜನ್ಮದಲ್ಲಿ ಅಲ್ಲಿ ಮಾಣಿಯಾಗಿದ್ದೆ ಅನ್ನಿಸುತ್ತೆ. ಟಿಪ್ಸ್ ಬಾಕಿ ಉಳಿದಿದೆ, ಆತ್ಮಕ್ಕೆ ಶಾಂತಿಯಿಲ್ಲ."

ರಘು ನಕ್ಕ. ವೆಂಕಟೇಶಿ ನಗಲಿಲ್ಲ. ಅವನು ಚೀಲದಿಂದ ಒಂದು ಫೈಲು ತೆಗೆದ. ಪ್ಲಾಸ್ಟಿಕ್ ಹಾಳೆಗಳ ಒಳಗೆ ಡಿಸ್ನಿ ವರ್ಲ್ಡಿನ ರೆಸ್ಟೋರೆಂಟುಗಳ ಹಳೇ ಮೆನು ಕಾರ್ಡುಗಳು. ಪಪೀಟಿ ಬೇ ವೆರಾಂಡಾ, ಕೋರಲ್ ಐಲ್, ಕಾನ್‌ಕೋರ್ಸ್ ಸ್ಟೇಕ್‌ಹೌಸ್. ಎಲ್ಲಾ ದಿವಂಗತರು. ಪಾಲಿನೇಷಿಯನ್ ಹೋಟೆಲಿನ ಪಪೀಟಿ ಬೇ ಇದ್ದ ಜಾಗಕ್ಕೆ 1995ರಲ್ಲಿ ಒಹಾನಾ ಬಂತು, ಕೋರಲ್ ಐಲ್ ಇದ್ದಲ್ಲಿಗೆ 1998ರಲ್ಲಿ ಕೋನಾ ಕೆಫೆ ಬಂತು, ಕಾನ್‌ಕೋರ್ಸ್ 2008ರಲ್ಲಿ ಬಾಗಿಲು ಹಾಕಿತು. ವೆಂಕಟೇಶಿ ಇದನ್ನು ವಂಶಾವಳಿ ಓದುವ ಪುರೋಹಿತನ ಸ್ವರದಲ್ಲೇ ಹೇಳಿದ.

"ಎಲ್ಲರ ತಿಥಿಯೂ ಬಾಯಿಪಾಠ," ಅಂದರು ಶಾಮಣ್ಣ. "ನಿಮ್ಮ ತಾತನ ತಿಥಿ ಯಾವತ್ತು?"

"ಅದು... ಪುಷ್ಯಮಾಸ ಇರಬೇಕು. ಊರಲ್ಲಿ ಅಣ್ಣ ಮಾಡ್ತಾನೆ."

"ಕಾನ್‌ಕೋರ್ಸ್ ಸ್ಟೇಕ್‌ಹೌಸಿಗೆ ಊರಲ್ಲಿ ಯಾರೂ ಮಾಡೋರಿಲ್ಲ, ಅದಕ್ಕೇ ನೀನು ಮಾಡ್ತಿದ್ದೀಯ. ಒಳ್ಳೇದು. ಒಂದು ಅನುಮಾನ. ಅದು ಸ್ಟೇಕ್‌ಹೌಸು, ದನದ ಮಾಂಸದ ಹೋಟೆಲು. ನೀನು ಮೊಟ್ಟೆ ಹಾಕಿದ ಕೇಕೂ ಮುಟ್ಟೋನಲ್ಲ. ಅಲ್ಲಿ ಏನು ತಿಂದೆ?"

"ಫ್ರೆಂಚ್ ಫ್ರೈಸು."

"ಅದು ಬಿಟ್ಟು?"

"ಕೆಚಪ್ಪು."

"ನೋಡು, ಶಾಸ್ತ್ರ ಸರಿಯಾಗಿ ತಿಳಿದುಕೋ. ಉಂಡವರಿಗೆ ಮಾತ್ರ ಸೂತಕ. ಉಣ್ಣದವರು ಸುದ್ದಿ ಕೇಳಿ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ನೀವು ಒಂದು ಆಲೂಗಡ್ಡೆ ನೆಂಟಸ್ತಿಕೆ ಇಟ್ಟುಕೊಂಡು ಹತ್ತು ದಿನದ ಮೈಲಿಗೆ ಆಚರಿಸ್ತಿದ್ದೀರಿ."

ಪದ್ಮಕ್ಕ ಚುರುಮುರಿ ತಂದಿಟ್ಟು ಕೂತರು. "ಇವರ ಮಾತು ಕೇಳಬೇಡ ವೆಂಕಟೇಶಿ. ಇವರೇ ಒಂದು ಸಲ ಆ ಮೇಲಿನ ಮಹಡಿಗೆ ಹೋಗಿದ್ದರು, ಆಫೀಸಿನವರ ಜೊತೆ. ಕೋಟು ಕಡ್ಡಾಯ ಅಂತ ಗುಜರಾತಿ ಸ್ನೇಹಿತರ ಕೋಟು ಇಸಕೊಂಡು. ತೋಳು ಮೊಣಕೈಗೆ ಬರ್ತಿತ್ತು."

"ಹೌದು, ಹೋಗಿದ್ದೆ. ಅದಕ್ಕೇ ನನಗೆ ಮಾತಾಡೋ ಅಧಿಕಾರ ಇರೋದು. ಬೇಯಿಸಿದ ಆಲೂಗಡ್ಡೆ ಕೊಟ್ಟರು, ಮೇಲೊಂದು ಬೆಣ್ಣೆ ಉಂಡೆ. ಪಕ್ಕದಲ್ಲಿ ಯಾರೋ ಪುಣ್ಯಾತ್ಮ ಹಾಡ್ತಿದ್ದ. ಕಿಟಕಿಯಲ್ಲಿ ಸಿಂಡ್ರೆಲಾ ಕೋಟೆ. ಎಲ್ಲಾ ಚೆನ್ನಾಗಿತ್ತು. ಆದರೆ ಆಲೂಗಡ್ಡೆ ಹದಿನೈದನೇ ಮಹಡಿ ಹತ್ತಿದರೂ ಆಲೂಗಡ್ಡೆಯೇ. ಅದನ್ನ ನೆನೆಸಿಕೊಂಡು ನಾನು ಟೀ ಷರ್ಟು ಹಾಕಲಿಲ್ಲ."

"ಆ ಕಂಟೆಂಪೊರರಿ ಹೋಟೆಲಿನ ಇತಿಹಾಸ ಗೊತ್ತಾ ನಿಮಗೆ?" ವೆಂಕಟೇಶಿ ಬಿಡಲಿಲ್ಲ. "1971ರ ಅಕ್ಟೋಬರ್ 1ಕ್ಕೆ ಪಾರ್ಕಿನ ಜೊತೆಗೇ ಶುರುವಾಗಿದ್ದು. ಯು.ಎಸ್. ಸ್ಟೀಲ್ ಕಂಪನಿ ಕಟ್ಟಿದ್ದು. ಕೋಣೆಗಳನ್ನ ಬೇರೆ ಕಡೆ ಪೂರ್ತಿ ತಯಾರು ಮಾಡಿ, ಕ್ರೇನಿನಲ್ಲಿ ಎತ್ತಿ, ಉಕ್ಕಿನ ಚೌಕಟ್ಟಿನೊಳಗೆ ತಳ್ಳಿದರು. ಹೊಟ್ಟೆಯೊಳಗೇ ಮಾನೋರೈಲು ಹಾದು ಹೋಗುತ್ತೆ. ನಿಕ್ಸನ್ ಅಧ್ಯಕ್ಷನಾಗಿದ್ದಾಗ 1973ರ ನವೆಂಬರಿನಲ್ಲಿ ಪತ್ರಿಕೆಯವರ ಮುಂದೆ 'ನಾನು ಕಳ್ಳನಲ್ಲ' ಅಂದದ್ದು ಅದೇ ಹೋಟೆಲಿನಲ್ಲಿ!"

"ಬಿಲ್ಲು ತಂದುಕೊಡೋವಾಗ ಅಂದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು."

"ಮಾವನವರು ಬಂದಿದ್ದಾಗ ಅಲ್ಲಿಗೇ ಕರಕೊಂಡು ಹೋಗಿದ್ವಲ್ಲ," ಅಂತ ಪದ್ಮಕ್ಕನಿಗೆ ನೆನಪಾಯಿತು. "ಮಧ್ಯದಲ್ಲಿ ಮೇರಿ ಬ್ಲೇರ್ ಅನ್ನೋ ಕಲಾವಿದೆ ಮಾಡಿದ ಟೈಲ್ಸಿನ ಚಿತ್ರ ಇದೆ ನೋಡು, ತೊಂಬತ್ತು ಅಡಿ ಎತ್ತರ. ಅದರಲ್ಲಿ ಒಂದು ಮೇಕೆಗೆ ಐದು ಕಾಲು. ಬೇಕು ಅಂತಲೇ ಹಾಗೆ ಮಾಡಿದ್ದಂತೆ. ಮಾವನವರು ಕೆಳಗೆ ಕೂತು ಎಣಿಸಿದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಎಣಿಸಿದರು. ಆಮೇಲೆ ಇವರ ಕಿವೀಲಿ, 'ಎಣಿಕೆ ಬರದವರ ಹೋಟೆಲು ಕಣೋ, ಬಿಲ್ಲನ್ನ ಎರಡು ಸಲ ನೋಡು' ಅಂದರು."

"ನೋಡಿದಿರಾ?" ರಘು ಕೇಳಿದ.

"ಒಂದು ಸಲ ನೋಡೋಕೇ ಧೈರ್ಯ ಸಾಲದು. ಇಡ್ಲಿ, ಮೊಸರನ್ನ ಡಬ್ಬೀಲಿ ತಗೊಂಡು ಹೋಗಿದ್ವಿ. ಕಾಫಿ ಮಾತ್ರ ಅವರದು."

ರಘು ಫೋನು ತೋರಿಸಿದ. "ಅಂಕಲ್, ನಿಮಗೆ ನಾಸ್ಟಾಲ್ಜಿಯಾ ಅಂದರೆ ಆಗಲ್ಲ ಅಷ್ಟೇ. ಜನಕ್ಕೆ ಬೇಕು. ಅದಕ್ಕೇ ಡಿಸ್ನಿಯವರು 2021ರಲ್ಲಿ ಐವತ್ತು ವರ್ಷ ತುಂಬಿದ ದಿನವೇ ಅದೇ ಕಂಟೆಂಪೊರರಿಯಲ್ಲಿ ಸ್ಟೇಕ್‌ಹೌಸ್ 71 ಅಂತ ತೆಗೆದರು. ದಿ ವೇವ್ ಅಂತ ಒಂದಿತ್ತಲ್ಲ, ಅದನ್ನ ಮುಚ್ಚಿ. ಒಳಗೆಲ್ಲಾ ಎಪ್ಪತ್ತರ ದಶಕದ ಲುಕ್ಕು."

ಶಾಮಣ್ಣ ಚುರುಮುರಿ ಕೈಯಲ್ಲೇ ಹಿಡಿದು ಎದ್ದು ನಿಂತರು. ಇಂಥ ಸಂದರ್ಭಕ್ಕಾಗಿಯೇ ಅವರು ವಾರವೆಲ್ಲ ಕಾದಿರುತ್ತಾರೆ.

"ಅದನ್ನೇ ನಾನು ಹೇಳ್ತಿರೋದು! ಕೊಂದವರೇ ಕರ್ತೃ ಆಗಿ, ತಿಥಿ ಮಾಡಿಸಿ, ಊಟಕ್ಕೆ ಟಿಕೆಟ್ಟು ಮಾರೋ ಪದ್ಧತಿ ಯಾವ ಗೃಹ್ಯಸೂತ್ರದಲ್ಲಿದೆ? ಮೊದಲು ಒಂದು ಹೋಟೆಲು ಮುಚ್ಚಬೇಕು. ಜನ ಅಳಬೇಕು. ಅಳು ಹದಕ್ಕೆ ಬಂದ ಮೇಲೆ ಹಳೇ ವರ್ಷದ ಹೆಸರಿಟ್ಟು ಇನ್ನೊಂದು ತೆಗೆಯಬೇಕು. ಅದಕ್ಕೆ ಜಾಗ ಮಾಡೋಕೆ ಇನ್ನೊಂದನ್ನ ಮುಚ್ಚಬೇಕು. ಅದರ ಅಳು ಮುಂದಿನ ಐವತ್ತಕ್ಕೆ. ದಿ ವೇವ್‌ಗೆ ಅಳೋರು ಆಗಲೇ ಇದ್ದಾರಾ ರಘು?"

"ಇದ್ದಾರೆ ಅಂಕಲ್. ಅದರ ಲಾಬಿ ಬಾರು..."

"ಸಾಕು. ನೀನೂ ಅತ್ತಿದ್ದೀಯ ಅಂತ ಗೊತ್ತಾಯಿತು."

"ಆದರೆ ಸ್ಟೇಕ್‌ಹೌಸ್ 71ರಲ್ಲಿ ನಮಗೂ ಐಟಂ ಇದೆ," ಅಂದ ವೆಂಕಟೇಶಿ. "ತರಕಾರಿ ವೆಲಿಂಗ್ಟನ್. ಮೈದಾ ಹಿಟ್ಟಿನ ಹೊದಿಕೆಯೊಳಗೆ ತರಕಾರಿ. ತಿಂದೆ."

"ಮೈಸೂರಿನವನಾಗಿ ವೆಲಿಂಗ್ಟನ್ ತಿಂದೆಯಾ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಕೂತು ಆಡಳಿತ ಮಾಡಿದ ವೆಲ್ಲೆಸ್ಲಿ ಇದ್ದನಲ್ಲ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದೋನು, ಅವನನ್ನ ನೆನೆಸಿಕೊಂಡಾದರೂ ಬಿಡಬಾರದಿತ್ತಾ? ಬೇಡ, ಸೇಡು ತೀರಿಸಿಕೊಂಡೆ ಅಂದುಕೋ."

"ಜೀಬ್ರಾ ಕಾಣೋ ಹೋಟೆಲು ಒಂದಿದೆಯಲ್ಲ," ಪದ್ಮಕ್ಕ ಚರ್ಚೆಯನ್ನು ತಮಗೆ ಬೇಕಾದ ಕಡೆ ತಿರುಗಿಸಿದರು. "ಸಾನಾ. ಅನಿಮಲ್ ಕಿಂಗ್‌ಡಮ್ ಲಾಡ್ಜಿನಲ್ಲಿ. ಅಲ್ಲಿ ಬ್ರೆಡ್ ಸರ್ವಿಸ್ ಅಂತ ಕೊಡ್ತಾರೆ. ನಾನ್, ಕುಲ್ಚಾ, ಪನೀರ್ ಪರಾಠ. ಜೊತೆಗೆ ಒಂಬತ್ತು ಬಟ್ಟಲು. ಮಾವಿನ ಚಟ್ನಿ, ಹುಣಿಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ, ರಾಯತ. ಪಕ್ಕದ ಮೇಜಿನ ಬಿಳಿಯರು ಒಂದೊಂದನ್ನೂ ನೆಕ್ಕಿ ಕಣ್ಣು ಮುಚ್ಚಿ 'ಓ ಮೈ ಗಾಡ್' ಅಂತಿದ್ದರು. ಹೊರಗೆ ಜಿರಾಫೆ. ಒಂಬತ್ತರಲ್ಲಿ ಒಂದಾದರೂ ಕಾಯಿಚಟ್ನಿ ಇದೆಯಾ ಅಂದರೆ ಇಲ್ಲ. ಆದರೂ ಎಲ್ಲಾ ಖಾಲಿ ಮಾಡಿದೆ, ಸುಳ್ಳು ಯಾಕೆ ಹೇಳಲಿ."

"ಚಟ್ನಿಗೆ ದುಡ್ಡು ಕೊಟ್ಟು ಬಂದಳು," ಅಂದರು ಶಾಮಣ್ಣ ದುಃಖದಿಂದ. "ನಮ್ಮ ಕಡೆ ಚಟ್ನಿ ಇನ್ನೊಂದು ಸಲ ಹಾಕಲಿಲ್ಲ ಅಂತ ಹೋಟೆಲನ್ನೇ ಬದಲಾಯಿಸೋ ಜನ ನಾವು. ಅದಿರಲಿ, ಅಲ್ಲಿಗೆ ಜಾಗ ಸಿಗೋಕೆ ಅರವತ್ತು ದಿನ ಮುಂಚೆ ಬೆಳಗಿನ ಜಾವ ಎದ್ದು ಫೋನು ಹಿಡಿದು ಕೂರಬೇಕು. ನಾಳೆ ಸಂಜೆ ಏನು ತಿನ್ನಬೇಕು ಅಂತ ನನಗೆ ಗೊತ್ತಿಲ್ಲ, ಅರವತ್ತು ದಿನದ ಆಮೇಲೆ ಏಳೂ ಹತ್ತಕ್ಕೆ ಹಸಿವಾಗುತ್ತೆ ಅಂತ ಹೇಗೆ ಬರೆದುಕೊಡಲಿ?"

"ತಿಥಿಗಾದರೂ ಮೊದಲೇ ಗೊತ್ತಿರುತ್ತಲ್ಲ ಅಂಕಲ್," ಅಂದ ರಘು.

ಶಾಮಣ್ಣ ಅವನನ್ನು ಮೆಚ್ಚುಗೆಯಿಂದ ನೋಡಿದರು. "ಬುದ್ಧಿ ಬರ್ತಿದೆ. ಪಿಂಡಕ್ಕೆ ಕಾಗೆ ಎಲ್ಲಿ ಅಂತ ಕೇಳಬೇಡ. ಪಾರ್ಕಿನಲ್ಲಿ ಬಿಳೀ ಐಬಿಸ್ ಓಡಾಡ್ತಿರ್ತವೆ, ಬಾಗಿದ ಕೊಕ್ಕಿನ ಹಕ್ಕಿ. ನಿನ್ನ ತಟ್ಟೆಯ ಫ್ರೈಸು ಎತ್ತಿಕೊಂಡು ಹೋಯಿತು ಅಂದರೆ ಕಾನ್‌ಕೋರ್ಸ್ ಸ್ಟೇಕ್‌ಹೌಸಿಗೆ ಸದ್ಗತಿ."

ವೆಂಕಟೇಶಿ ಫೈಲು ಮುಚ್ಚಿದ. ಮುಚ್ಚಿ ಮತ್ತೆ ತೆಗೆದ.

"ನೀವು ಉಂಡವರಿಗೆ ಸೂತಕ ಅಂದಿರಿ. ಸರಿ. ನಾನು ಉಂಡವನಲ್ಲ. ತೊಂಬತ್ತನಾಲ್ಕರಲ್ಲಿ ಇಲ್ಲಿ ಎಂ.ಎಸ್. ಮಾಡೋಕೆ ಬಂದೆ. ನಾವು ಮೂರು ಜನ, ಒಂದು ಹಳೇ ಟೊಯೋಟಾ. ಪಾರ್ಕಿನ ಟಿಕೆಟ್ಟಿಗೆ ದುಡ್ಡೆಲ್ಲಿ? ಐ-ಫೋರ್ ಹೆದ್ದಾರಿ ಹಿಡಿದು ಪಾಲಿನೇಷಿಯನ್‌ಗೆ ಹೋಗೋದು. ಗೇಟಿನಲ್ಲಿ ಊಟಕ್ಕೆ ಬಂದಿದ್ದೀವಿ ಅಂದರೆ ಬಿಡ್ತಿದ್ದರು. ಹೋಟೆಲುಗಳ ಮಧ್ಯೆ ಓಡಾಡೋ ಮಾನೋರೈಲು ಪುಕ್ಕಟೆ. ಸುತ್ತಿದ್ದೇ ಸುತ್ತಿದ್ದು. ಪ್ರತಿ ಹೋಟೆಲಿನಲ್ಲಿ ಇಳಿದು, ಬಾಗಿಲ ಹತ್ತಿರ ಇಟ್ಟಿರೋ ಮೆನು ಓದೋದು. ಪಪೀಟಿ ಬೇಯ ಮೆನು ಪೂರ್ತಿ ಓದಿದ್ದೀನಿ. ಸೀಗಡಿಯಿಂದ ಹಿಡಿದು ಅನಾನಸಿನವರೆಗೆ. ಜೊತೆಯಲ್ಲಿದ್ದ ಕಿಟ್ಟಿ ಜೋರಾಗಿ ಓದೋನು, ನಾವು 'ಇದು ಬೇಡ, ಮುಂದಿನದು ಹೇಳು' ಅನ್ನೋದು. ರಾತ್ರಿ ದಡದಲ್ಲಿ ಕೂತರೆ ಪಟಾಕಿ ಪುಕ್ಕಟೆ. ಆಮೇಲೆ ಕೆರೆ ಮೇಲೆ ದೀಪದ ದೋಣಿಗಳ ಮೆರವಣಿಗೆ, ಅದೂ ಪುಕ್ಕಟೆ. ಸೆಮಿಸ್ಟರ್ ಮುಗಿದ ದಿನ ಮಾತ್ರ ಕೋರಲ್ ಐಲಿನಲ್ಲಿ ಒಂದು ಟೋಂಗಾ ಟೋಸ್ಟ್ ತಗೊಂಡು ಮೂರು ಪಾಲು ಮಾಡಿದ್ವಿ."

"ಏನದು?" ಅಂದರು ಪದ್ಮಕ್ಕ.

"ದಪ್ಪ ಬ್ರೆಡ್ಡಿನ ಹೊಟ್ಟೆಗೆ ಬಾಳೆಹಣ್ಣು ತುಂಬಿ, ಎಣ್ಣೇಲಿ ಕರಿದು, ದಾಲ್ಚಿನ್ನಿ ಸಕ್ಕರೇಲಿ ಹೊರಳಿಸಿದ್ದು."

"ಮಂಗಳೂರು ಬನ್ಸು!"

"ಹ್ಞೂಂ, ಕಿಟ್ಟಿ ಉಡುಪಿಯವನು. ಅವನೂ ಅದೇ ಅಂದ. ನಮ್ಮಮ್ಮ ಇದಕ್ಕಿಂತ ಚೆನ್ನಾಗಿ ಮಾಡ್ತಾಳೆ ಅಂದು ನನ್ನ ಪಾಲನ್ನೂ ತಿಂದ."

"ಕಿಟ್ಟಿ ಈಗ ಎಲ್ಲಿ?" ರಘು ಕೇಳಿದ.

"ಸಿಯಾಟಲ್. ವರ್ಷಕ್ಕೊಂದು ಸಲ ಫಾರ್ವರ್ಡು ಕಳಿಸ್ತಾನೆ. ಇನ್ನೊಬ್ಬನ ನಂಬರೇ ಇಲ್ಲ." ವೆಂಕಟೇಶಿ ಒಂದು ಹಾಳೆ ತಿರುವಿದ. "ಈಗ ಟಾಪ್ ಆಫ್ ದಿ ವರ್ಲ್ಡ್ ಇದ್ದ ಜಾಗದಲ್ಲಿರೋ ಕ್ಯಾಲಿಫೋರ್ನಿಯಾ ಗ್ರಿಲ್ಲಿಗೆ ಬೇಕಾದರೆ ಹೋಗ್ತೀನಿ ಶಾಮಣ್ಣ. ದುಡ್ಡಿದೆ. ಹೋದ ವರ್ಷ ಹೋಗಿದ್ದೆ, ಕೋರ್ಸಿನ ಮೇಲೆ ಕೋರ್ಸು ಬಂತು. ಪಟಾಕಿ ಹೊತ್ತಿಗೆ ದೀಪ ಕಮ್ಮಿ ಮಾಡಿ, ಸಂಗೀತ ಹಾಕಿದರು. ಮೆನು ಕೊಟ್ಟಾಗ ನಾನು ಹೆಂಡತಿಗೆ ಜೋರಾಗಿ ಓದಿ ಹೇಳಿದೆ. 'ಮೆತ್ತಗೆ ಓದಿ, ಎಲ್ಲರೂ ನೋಡ್ತಿದ್ದಾರೆ' ಅಂದಳು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಘು ಉಯ್ಯಾಲೆ ನಿಲ್ಲಿಸಿದ್ದ. ಶಾಮಣ್ಣ ಮೂಗು ಉಜ್ಜಿಕೊಂಡು ಧರ್ಮಶಾಸ್ತ್ರದ ಗಂಟಲು ಸರಿಮಾಡಿಕೊಂಡರು.

"ನೋಡು, ಪೂರ್ತಿ ಉಂಡವರಿಗೆ ಹತ್ತು ದಿನ. ಮೆನು ಓದಿದವರಿಗೆ ಮೂರು ದಿನ. ದೂರದ ದಾಯಾದಿಗಳ ಲೆಕ್ಕ. ನಿನಗೆ ಮೂರು ದಿನ ಉಂಟು, ಯಾರೂ ತಕರಾರು ಮಾಡೋ ಹಾಗಿಲ್ಲ. ಟೀ ಷರ್ಟು ಸೋಮವಾರದವರೆಗೆ ಹಾಕಿಕೋ."

"ನನಗೆ ಅಂಕಲ್?"

"ನಿನಗೆ ಸ್ನಾನ. ಅದೂ ದಿನಾ ಮಾಡ್ತೀಯ ಅಂತ ನಂಬಿಕೊಂಡು."

"ಏನೇ ಹೇಳಿ, ಕಂಪನಿ ಮಾಡ್ತಿರೋದು ಬ್ರಿಲಿಯಂಟ್ ಬಿಸಿನೆಸ್ಸು," ಅಂತ ರಘು ಹೊಸದಾಗಿ ಶುರುಮಾಡಿದ. "ನಮ್ಮ ಬೆಂಗಳೂರಿನಲ್ಲೂ ಈಗ ಹಳೇ ಕಾಲದ ದರ್ಶಿನಿ ಥೀಮು, ತಾಮ್ರದ ಡಬರ, ಕಪ್ಪುಬಿಳುಪು ಫೋಟೋ..."

"ಅಲ್ಲಿಗೂ ಬಂತಾ ಪೀಡೆ! ದರ್ಶಿನಿ ಇನ್ನೂ ಬದುಕಿದೆಯಲ್ಲೋ! ಜೀವ ಇರೋವಾಗಲೇ ತಿಥಿ ಮಾಡಿಬಿಟ್ಟರಾ?"

"ಅದು ಟ್ರಿಬ್ಯೂಟ್ ಅಂಕಲ್."

"ಫೋಟೋಗೆ ಹಾರ ಹಾಕಿದ್ದಾರಾ?"

"ಹಾಕಿದ್ದಾರೆ. ಪ್ಲಾಸ್ಟಿಕ್ಕು."

ಶಾಮಣ್ಣ ಮಾತಿಲ್ಲದೆ ಕೂತರು. ಒಳಗೆ ಕುಕ್ಕರು ಮೂರನೇ ಸಲ ಕೂಗಿತು. ಪದ್ಮಕ್ಕ ತಟ್ಟೆ ಎತ್ತಿಕೊಂಡು ಎದ್ದರು.

"ಇವರ ಗೋಳು ಮುಗಿಯೋದಲ್ಲ. ಊಟ ಮಾಡಿಕೊಂಡೇ ಹೋಗಿ. ವೆಂಕಟೇಶಿ, ಮೆನು ಓದಲೇನಪ್ಪಾ?"

"ಓದಿ ಅಕ್ಕ. ಜೋರಾಗಿ ಓದಿ."

"ಅನ್ನ. ಬದನೆಕಾಯಿ ಹುಳಿ. ಹುರುಳಿಕಾಯಿ ಪಲ್ಯ. ಹಪ್ಪಳ, ಇದ್ದಷ್ಟು. ಮಜ್ಜಿಗೆ."

"ಮಜ್ಜಿಗೆಯ ಮುಂಚಿನದು ಇನ್ನೊಂದು ಸಲ ಹೇಳಿ. ರೇಟು?"

"ಪಾತ್ರೆ ತೊಳೆಯೋದು. ಟಿಪ್ಸಿಗೆ ಕುಕ್ಕರು ಬೇರೆ."