ಸಹಾಯ ಬೇಕು: ಚಳಿಗೆ ಕೀಲು ಹಿಡಿದುಕೊಳ್ಳುವ ಹಿರಿಯ ನಾಯಿಯ ಆರೈಕೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ತೋಟದಲ್ಲಿರುವ ನಮ್ಮ ಲ್ಯಾಬ್ರಡಾರ್ ನಾಯಿಗೆ ಈಗ 11 ವರ್ಷ. ಡಿಸೆಂಬರ್ ಚಳಿ ಬಿದ್ದಾಗಿನಿಂದ ಅದು ಬೆಳಿಗ್ಗೆ ಏಳುವಾಗ ಮುಂಗಾಲುಗಳನ್ನು ಊರಿ, ಹಿಂಭಾಗವನ್ನು ಪ್ರಯಾಸದಿಂದ ಎತ್ತಿಕೊಂಡು ನಿಲ್ಲುತ್ತದೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದ ಮೇಲೆ ನಡಿಗೆ ತುಸು ಸಲೀಸಾಗುತ್ತದೆ. ಜೀಪು ಹತ್ತಲು ಹಿಂಜರಿಯುವುದು, ಬಲಮಂಡಿಯನ್ನು ಒಂದೇ ಸಮನೆ ನೆಕ್ಕುವುದು, ಸೊಂಟ ಮುಟ್ಟಿದರೆ ಗುರುಗುಟ್ಟುವುದು ಇವೆಲ್ಲ ಹೊಸ ಲಕ್ಷಣಗಳು. ಒಮ್ಮೆಯೂ ನರಳಿಲ್ಲ, ಆದರೆ ನಾಯಿಗಳು ನೋವನ್ನು ನುಂಗಿಕೊಳ್ಳುವುದರಿಂದ ಅದನ್ನು ಸಮಾಧಾನವೆಂದು ನಾನು ಭಾವಿಸುವುದಿಲ್ಲ.

ಪಶುವೈದ್ಯರು ಎಕ್ಸ್‌ರೇ ನೋಡಿ ಸಂಧಿವಾತವೆಂದು ತಿಳಿಸಿ, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆಯ ನಂತರ ಮೆಲೋಕ್ಸಿಕ್ಯಾಮ್ ಎಂಬ ನೋವು-ಉರಿಯೂತದ ಔಷಧಿ ಬರೆದುಕೊಟ್ಟಿದ್ದಾರೆ. ರಕ್ತ ಹೀರುವ ಉಣ್ಣೆಗಳಿಂದ ಹರಡುವ ಜ್ವರದಲ್ಲೂ ಕೀಲುನೋವು ಬರಬಹುದಾದ್ದರಿಂದ ಆ ಪರೀಕ್ಷೆಯೂ ಆಗಿದೆ. ರೆಡ್ ಆಕ್ಸೈಡ್ ನೆಲದಲ್ಲಿ ಕಾಲು ಜಾರುವುದನ್ನು ತಡೆಯಲು ಗೋಣಿಚೀಲ ಹಾಸಿ, ಮಲಗುವ ಜಾಗವನ್ನು ವರಾಂಡದಿಂದ ಒಲೆಯ ಕೋಣೆಗೆ ಬದಲಾಯಿಸಿದ್ದೇವೆ. ತೂಕ ಇಳಿಸುವುದೇ ಕಷ್ಟವಾಗಿದೆ: ಕಾಫಿ ಕೊಯ್ಲಿನ ಸಮಯದಲ್ಲಿ ಲೈನ್‌ಮನೆಗಳಿಂದ (ತೋಟದ ಕಾರ್ಮಿಕರ ಸಾಲುಮನೆಗಳು) ಪ್ರೀತಿಯಿಂದ ಸಿಗುವ ಹಂದಿಮಾಂಸದ ಕೊಬ್ಬನ್ನು ಯಾರು ತಡೆಯಬಲ್ಲರು!

ಕೀಲುಗಳಿಗೆಂದು ಕೊಡುವ ಒಮೆಗಾ-3 ಅಥವಾ ಗ್ಲುಕೋಸಮೈನ್ ಪೂರಕಗಳನ್ನು ಕೊಟ್ಟವರಿಗೆ ನಿಜವಾಗಿ ವ್ಯತ್ಯಾಸ ಕಂಡಿತೇ? ಇಳಿಜಾರು ತೋಟದಲ್ಲಿ ದಿನಕ್ಕೆ ಎಷ್ಟು ಹೊತ್ತು ನಡೆಸುತ್ತೀರಿ? ಕೊಡಗಿನಲ್ಲಾಗಲಿ ಮೈಸೂರಿನಲ್ಲಾಗಲಿ ನಾಯಿಗಳಿಗೆ ಫಿಸಿಯೋಥೆರಪಿ ನೀಡುವವರು ಇದ್ದರೆ ದಯವಿಟ್ಟು ತಿಳಿಸಿ. ಮನುಷ್ಯರ ನೋವಿನ ಮಾತ್ರೆಗಳನ್ನು ಮಾತ್ರ ಸೂಚಿಸಬೇಡಿ; ಐಬುಪ್ರೊಫೆನ್ ನಾಯಿಗೂ, ಪ್ಯಾರಾಸಿಟಮಾಲ್ ಬೆಕ್ಕಿಗೂ ಪ್ರಾಣಾಂತಿಕವಾಗಬಹುದು.