ಬಲ್ಬಿನ ರೆಸಿಸ್ಟೆನ್ಸ್: ರೋಧವೋ, ತಡೆಯೋ? ಇವತ್ತೇ ಬೇಕು

ಎಲ್ಲರಿಗೂ ನಮಸ್ಕಾರ.

ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಒಂದು ಬೋರ್ಡು ಬರೆಯುತ್ತಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು. ಮೇಜಿನ ಮೇಲೆ ಬ್ಯಾಟರಿ, ಬಲ್ಬು, 1 ಫ್ಯಾರಡ್ ಅಳತೆಯ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಮತ್ತೆ ಕೊಡುವ ಸಾಧನ) ಇರುತ್ತವೆ. ಸ್ವಿಚ್ ಹಾಕಿದ ಕೂಡಲೇ ಬಲ್ಬು ಜೋರಾಗಿ ಹೊತ್ತಿಕೊಂಡು, ಮೆಲ್ಲಗೆ ಮಂಕಾಗಿ ಆರುತ್ತದೆ. ಬ್ಯಾಟರಿ ತೆಗೆದು ತಂತಿ ಸೇರಿಸಿದರೆ ಅದೇ ಬಲ್ಬು ಇನ್ನೊಮ್ಮೆ ಹೊತ್ತಿ ಆರುತ್ತದೆ. ರೆಸಿಸ್ಟೆನ್ಸ್, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ಅಡ್ಡಿ, ಜಾಸ್ತಿ ಇರುವ ಬಲ್ಬು ಹಾಕಿದರೆ ಬೆಳಕು ಕಡಿಮೆ, ಆದರೆ ಆರಲು ಹೆಚ್ಚು ಹೊತ್ತು.

ನಾನು ಬರೆದ ಸಾಲು: “ರೋಧ ಹೆಚ್ಚಾದಷ್ಟೂ ಸಂಧಾರಕದ ಆವೇಶನ ಮತ್ತು ವಿಸರ್ಜನೆ ನಿಧಾನ.” (ರೋಧ ಅಂದರೆ ರೆಸಿಸ್ಟೆನ್ಸ್, ಸಂಧಾರಕ ಅಂದರೆ ಕೆಪಾಸಿಟರ್, ಆವೇಶನ ಅಂದರೆ ಚಾರ್ಜ್ ಆಗುವುದು, ವಿಸರ್ಜನೆ ಅಂದರೆ ಆ ಚಾರ್ಜ್ ಬಿಡುವುದು.) ಓದಿದ ಹುಡುಗಿಯೊಬ್ಬಳು “ಆವೇಶ ಅಂದ್ರೆ ಸಿಟ್ಟು ಬರೋದಲ್ವಾ?” ಎಂದಳು. ಬೇರೆ ಪದ ಇದೆಯೇ?

ಹಳೆಮೇಷ್ಟ್ರು:
> ಬೇರೆ ಪದ ಇದೆಯೇ?

ಬೇಡ. ರೋಧ, ಸಂಧಾರಕ, ಆವೇಶ ಪಾಠದಲ್ಲೇ ಇವೆ. ಬೋರ್ಡಿನಲ್ಲಿ ಒಂದು, ಪಾಠದಲ್ಲಿ ಇನ್ನೊಂದು ಆದರೆ ಪರೀಕ್ಷೆಯಲ್ಲಿ ತಬ್ಬಿಬ್ಬಾಗುವವರು ಮಕ್ಕಳು.

ತಿಳಿಗನ್ನಡ:
ಒಪ್ಪಲಾರೆ. ‘ತಡೆ’ ಅನ್ನಿ. ತಡ, ತಡೆ, ತಡೆದುಕೊಳ್ಳು ಎಲ್ಲವೂ ಒಂದೇ ಬೇರಿನವು. ಈ ಪ್ರಯೋಗದಲ್ಲಿ ರೆಸಿಸ್ಟೆನ್ಸ್ ಮಾಡುವ ಕೆಲಸವೇ ತಡ ಮಾಡುವುದು. ಕೊನೆಗೆ ಎಷ್ಟು ಚಾರ್ಜ್ ಸೇರಬೇಕು ಅನ್ನುವುದನ್ನು ಅದು ಮುಟ್ಟುವುದೇ ಇಲ್ಲ. ಅದು ಬ್ಯಾಟರಿಯ ವೋಲ್ಟೇಜಿಗೂ ಕೆಪಾಸಿಟರಿನ ಅಳತೆಗೂ ಬಿಟ್ಟದ್ದು.

ತಡೆಯನ್ನು ಅಳೆಯುವುದು ಓಮ್‌ನಲ್ಲಿ, ಕೆಪಾಸಿಟರನ್ನು ಫ್ಯಾರಡ್‌ನಲ್ಲಿ. 10 ಓಮ್ ತಡೆ, 1 ಫ್ಯಾರಡ್. ಗುಣಿಸಿದರೆ 10 ಸೆಕೆಂಡ್. ಅಷ್ಟರಲ್ಲಿ ನೂರಕ್ಕೆ ಸುಮಾರು 63 ಪಾಲು ಸೇರುತ್ತದೆ. 50 ಸೆಕೆಂಡಿಗೆ 99 ದಾಟುತ್ತದೆ. ತಡೆ 20 ಓಮ್ ಮಾಡಿ, ಎಲ್ಲವೂ ಎರಡು ಪಟ್ಟು ತಡ. ‘ರೋಧ’ ಅಂದಾಗ ಕಿವಿಗೆ ಬೀಳುವುದು ವಿರೋಧ, ನಿರೋಧ. ಇಲ್ಲಿ ಯಾರೂ ಯಾರನ್ನೂ ವಿರೋಧಿಸುತ್ತಿಲ್ಲ.

ಉಳಿದದ್ದಕ್ಕೆ ‘ತುಂಬುವುದು’, ‘ಬರಿದಾಗುವುದು’ ಸಾಕು.

ಪ್ರಯೋಗಶಾಲೆ:
‘ತುಂಬುವುದು’ ತಪ್ಪು. ಕೆಪಾಸಿಟರ್ ಕೊಡವಲ್ಲ. ಅದರೊಳಗಿನ ಎರಡು ತಗಡುಗಳಲ್ಲಿ ಒಂದಕ್ಕೆ ಎಷ್ಟು ಚಾರ್ಜ್ ಬರುತ್ತದೋ ಅಷ್ಟೇ ಇನ್ನೊಂದರಿಂದ ಹೋಗುತ್ತದೆ. ಒಟ್ಟು ಚಾರ್ಜ್ ಸೊನ್ನೆಯಾಗಿಯೇ ಇರುತ್ತದೆ.

ಇನ್ನೊಂದು ಮಾತು. ಬಲ್ಬಿಗೆ ಸುಮ್ನೆ 10 ಓಮ್ ಅನ್ನಬೇಡಿ. ಬೆಳಗುವ ಫಿಲಮೆಂಟಿನ (ಬಲ್ಬಿನೊಳಗಿನ ಸಣ್ಣ ತಂತಿಯ) ರೆಸಿಸ್ಟೆನ್ಸ್ ತಣ್ಣಗಿರುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಮಂಕಾಗುತ್ತಾ ಬಂದ ಹಾಗೆ ಅದು ಇಳಿಯುತ್ತದೆ. ನಿಮ್ಮ 63ರ ಲೆಕ್ಕ ಬದಲಾಗದ ರೆಸಿಸ್ಟರಿಗೆ ಸರಿ, ಬಲ್ಬಿಗೆ ಬರೀ ಅಂದಾಜು.

‘ಚಾರ್ಜ್’ ಅನ್ನಿ. ದಿನಾ ಮೊಬೈಲ್ ಚಾರ್ಜ್ ಮಾಡುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಳಿಗನ್ನಡ:
ಬಲ್ಬಿನ ಮಾತು ಒಪ್ಪಿದೆ, ಅದು ನನ್ನ ತಪ್ಪು. ‘ತುಂಬು’ ಬಿಡಲಾರೆ. ಕೊಡಕ್ಕೆ ನೀರು ತುಂಬುವಾಗಲೂ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಆದರೂ ತುಂಬಿತು ಅನ್ನುತ್ತೇವೆ. ‘ಚಾರ್ಜ್’ ಹುಟ್ಟಿದ್ದು ಲ್ಯಾಟಿನ್ನಿನ ಬಂಡಿಯಿಂದ, ಮೂಲ ಅರ್ಥ ಹೇರು ಹೇರುವುದು. ಅವರ ಬಂಡಿ ವಿಜ್ಞಾನವಾಗಬಹುದು, ನಮ್ಮ ಕೊಡ ಆಗಬಾರದೇ? ಎರವಲು ಅಂತ ‘ಚಾರ್ಜ್’ ದೂರುವವರು ‘ರೋಧ’ ಕೂಡ ಎರವಲೇ ಅನ್ನುವುದನ್ನು ಮರೆಯಬಾರದು.

ಹಳೆಮೇಷ್ಟ್ರು:
ಸಾವಿರ ವರ್ಷಕ್ಕೂ ಹಿಂದಿನಿಂದ ಮನೆಯವರಾಗಿರುವ ಸಂಸ್ಕೃತದ ಮಾತುಗಳನ್ನು ನಿನ್ನೆ ಬಂದ ಇಂಗ್ಲಿಷಿನ ಪಕ್ಕದಲ್ಲಿ ಕೂರಿಸಬೇಡಿ. ನನಗೆ ಈ ಚರ್ಚೆ ಸಾಕು.

ಪ್ರಯೋಗಶಾಲೆ:
ಮನೆಯವರಾಗಿದ್ದರೆ ಆ ಹುಡುಗಿಗೆ ‘ಆವೇಶ’ ಅಂದಾಗ ಸಿಟ್ಟು ಯಾಕೆ ನೆನಪಾಗಬೇಕಿತ್ತು, ಮೇಷ್ಟ್ರೇ?

ಕೇಳಿದವಳು:
ಎಲ್ಲರಿಗೂ ವಂದನೆ. ಸಾಲು ಹೀಗೆ ಮಾಡಿದೆ: “ಬಲ್ಬಿನ ತಡೆ ಹೆಚ್ಚಿದಷ್ಟೂ ಕೆಪಾಸಿಟರ್ ಚಾರ್ಜ್ ಆಗುವುದೂ ತಡ, ಬರಿದಾಗುವುದೂ ತಡ.” ಮೇಷ್ಟ್ರ ಮಾತಿಗೆ ಕೆಳಗೆ ಸಣ್ಣಕ್ಷರದಲ್ಲಿ ರೋಧ, ಸಂಧಾರಕ ಎರಡನ್ನೂ ಹಾಕಿದ್ದೇನೆ. 63 ಹಾಕಿಲ್ಲ. ಅದೇ ಹುಡುಗಿಗೆ ಓದಲು ಕೊಟ್ಟೆ. ಒಂದೇ ಸಲಕ್ಕೆ ಓದಿ, “ಹಾಗಾದ್ರೆ ಎರಡು ಬಲ್ಬು ಸಾಲಾಗಿ ಹಾಕಿದ್ರೆ ಇನ್ನೂ ತಡ ಆಗತ್ತಾ?” ಎಂದಳು. ಅಚ್ಚಿಗೆ ಕಳಿಸಿದೆ.